ಅವ್ವನ ಹೆಬ್ಬೆರಳು, ನನ್ನ ಹಾಂಕೋ

ನಾನು ಟೋಕಿಯೋಗೆ ಬಂದು ಹನ್ನೊಂದು ವರ್ಷವಾಯಿತು. 2025ರ ಜನವರಿಯಲ್ಲಿ ಊರಿಂದ ವಾಪಸು ಬಂದು ಆಫೀಸಿಗೆ ಹೋದ ಮೊದಲ ದಿನ, ಪಕ್ಕದ ಮೇಜಿನ ಹಿರಿಯರು ಒಂದು ಅರ್ಜಿಗೆ ತಮ್ಮ ಹಾಂಕೋ ಒತ್ತುತ್ತಿದ್ದರು. ಹಾಂಕೋ ಅಂದರೆ ಇಲ್ಲಿನವರ ಮುದ್ರೆ. ಬೆರಳುದ್ದದ ಕಡ್ಡಿ, ಅದರ ತುದಿಯಲ್ಲಿ ಕೆತ್ತಿದ ಹೆಸರು. ಕೆಂಪು ಶಾಯಿಗೆ ಅದ್ದಿ ಒತ್ತಿದರೆ ಅದೇ ಸಹಿ. ನಾನು ನೋಡುತ್ತಿರುವುದು ಕಂಡು ಅವರಿಗೆ ಸ್ವಲ್ಪ ಮುಜುಗರವಾಯಿತು.

"ನಿಮ್ಮ ದೇಶದಲ್ಲಿ ಬೆರಳಿಟ್ಟರೆ ಸಾಕಂತೆ ಅಲ್ವಾ? ರೇಷನ್ನು, ಪಿಂಚಣಿ, ಬ್ಯಾಂಕು, ಎಲ್ಲದಕ್ಕೂ. ನಾವು ನೋಡಿ, ಇನ್ನೂ ಇದನ್ನೇ ಹಿಡಿದುಕೊಂಡು ಕೂತಿದ್ದೇವೆ" ಎಂದರು.

ಅವರು ನಿಜವಾಗಿಯೇ ನಾಚಿಕೊಂಡಿದ್ದರು. ನಾನು ಸುಮ್ನೆ ತಲೆ ಆಡಿಸಿದೆ. ಒಂದು ವಾರದ ಹಿಂದಷ್ಟೇ ಹುನಗುಂದದಲ್ಲಿ ಅವ್ವನ ಬೆರಳಿಗೆ ಆದದ್ದನ್ನು ಅವರಿಗೆ ಹೇಳಬೇಕು ಅನಿಸಿತು. ಜಪಾನಿ ಭಾಷೆಯಲ್ಲಿ ಅದನ್ನು ಹೇಳುವಷ್ಟು ಮಾತು ನನಗೆ ಬರುವುದಿಲ್ಲ. ಕನ್ನಡದಲ್ಲಾದರೂ ಹೇಳಿಕೊಳ್ಳೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಾಗಲಕೋಟೆ ಜಿಲ್ಲೆ, ಹುನಗುಂದದಿಂದ ಸ್ವಲ್ಪ ಒಳಗಿನ ಹಳ್ಳಿ. ಇಲ್ಲಿ ವರ್ಷದ ಕೊನೆಗೆ ಒಂದು ವಾರ ರಜೆ ಇರುತ್ತದೆ. 2024ರಲ್ಲಿ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೇ ಬಂದಿತ್ತು. ಎಷ್ಟೋ ವರ್ಷಗಳ ಮೇಲೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಹಬ್ಬದ ಎಡೆಯನ್ನು ಬೆಳೆಯ ಮೇಲೆ ಎರಚಲು, ಹೊಲಕ್ಕೆ ಹೋದೆ. ಬಿಳಿಜೋಳ ಎದೆಮಟ್ಟ ಬೆಳೆದು ನಿಂತಿತ್ತು. ಅಣ್ಣ ಮುಂದೆ ನಿಂತು "ಹುಲ್ಲುಲ್ಲಿಗೋ" ಅಂತ ಕೂಗುತ್ತಿದ್ದರೆ, ಅವನ ಅಂಗಿಯ ಜೇಬಿನಲ್ಲಿ ಮೊಬೈಲು ಗುಂಯ್ ಅನ್ನುತ್ತಿತ್ತು. ಕರೆಂಟ್ ಬಂದಿದೆ ಅಂತ ಬೋರಿನ ಸ್ಟಾರ್ಟರ್ ಫೋನ್ ಮಾಡಿತ್ತು. ಅವನು ಅಲ್ಲಿಂದಲೇ ಒಂದು ಗುಂಡಿ ಒತ್ತಿ ಮೋಟಾರ್ ಚಾಲೂ ಮಾಡಿದ. ಪಕ್ಕದ ಹೊಲದ ಬದುವಿನ ಮೇಲೆ ಬೀಜ ಬಿತ್ತುವ ಕೂರಿಗೆ ಒರಗಿಸಿಟ್ಟಿದ್ದರು. ಬಾರಿಕೋಲು ಅದಕ್ಕೇ ಸಿಕ್ಕಿಸಿತ್ತು. ನಮ್ಮ ಕಡೆ ಫೋನ್ ಮಾಡುವ ಸ್ಟಾರ್ಟರೂ ಕೂರಿಗೆಯೂ ಒಂದೇ ಹೊಲದಲ್ಲಿ ಇರುತ್ತವೆ. ಕೂರಿಗೆ ಇಟ್ಟುಕೊಂಡವನನ್ನು ಹಿಂದುಳಿದವ ಅಂತ ಯಾರೂ ಅನ್ನುವುದಿಲ್ಲ. ಬೀಜ ನೆಟ್ಟಗೆ ಬಿತ್ತೋ ಇಲ್ಲವೋ, ಅಷ್ಟೇ ನೋಡುತ್ತಾರೆ.

ಮರುದಿನ 31. ಅವ್ವನನ್ನು ಕರೆದುಕೊಂಡು ಹುನಗುಂದಕ್ಕೆ ಹೋದೆ. ಅಪ್ಪ ಸಾಲಿ ಸಿಪಾಯಿ ಆಗಿದ್ದ. ಅವನು ಹೋದ ಮೇಲೆ ಅವನ ಪಿಂಚಣಿಯಲ್ಲಿ ಒಂದು ಪಾಲು ಅವ್ವನಿಗೆ ಬರುತ್ತದೆ. ಅದು ಬರುತ್ತಲೇ ಇರಬೇಕೆಂದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ತೋರಿಸಬೇಕು. ಮೊದಲು ಕಾಗದದಲ್ಲಿ ಆಗುತ್ತಿದ್ದ ಕೆಲಸ ಅದು. 2014ರಲ್ಲಿ ಕೇಂದ್ರ ಸರ್ಕಾರ ಜೀವನ್ ಪ್ರಮಾಣ್ ತಂದಿತು. ಆಧಾರ್ ನಂಬರ್ ಹೇಳಿ, ಗಾಜಿನ ಮೇಲೆ ಬೆರಳಿಟ್ಟರೆ ಬದುಕಿರುವುದಕ್ಕೆ ಸಾಕ್ಷಿ ಕಂಪ್ಯೂಟರಿನಲ್ಲೇ ತಯಾರಾಗುತ್ತದೆ. ನವೆಂಬರಿನಲ್ಲಿ ಅಣ್ಣ ಎರಡು ಸಲ ಅವ್ವನನ್ನು ಕರೆದುಕೊಂಡು ಹೋಗಿದ್ದ. ಎರಡು ಸಲವೂ ಬೆರಳು ಹಿಡಿದಿರಲಿಲ್ಲ.

ಅದೊಂದು ಸಣ್ಣ ಸೇವಾ ಕೇಂದ್ರ. ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕರಿ ಡಬ್ಬಿ, ಅದರ ಮೇಲೆ ಬೆರಳಿನಗಲದ ಗಾಜು. ಕೆಳಗಿಂದ ಕೆಂಪು ಬೆಳಕು. ಅವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಾಯಿ ಹತ್ತಿರ ತಂದು ಹಾ ಅಂತ ಬಿಸಿ ಉಸಿರು ಬಿಟ್ಟಳು. ಇದನ್ನು ಅವಳಿಗೆ ಕಲಿಸಿದವರು ಯಾರೋ ಗೊತ್ತಿಲ್ಲ. ಬಹುಶಃ ಸರದಿಯಲ್ಲಿ ಕೂತ ಬೇರೆ ಮುದುಕಿಯರು. ಬೆರಳಿಟ್ಟಳು. ಡಬ್ಬಿ ಟುಂಯ್ ಅಂದಿತು. ತೆಗೆದಳು, ಮತ್ತೆ ಇಟ್ಟಳು. ಮತ್ತೆ ಟುಂಯ್.

"ಕೂದಲಿಗೆ ತಿಕ್ಕಿ ಇಡ ಬೇ ಆಯಿ" ಎಂದ ಹುಡುಗ.

ತಲೆಗೂದಲಿಗೆ ತಿಕ್ಕಿದಳು. ಬರಲಿಲ್ಲ. ತೋರುಬೆರಳು ಇಡಿಸಿದ, ನಡುವಿನ ಬೆರಳು ಇಡಿಸಿದ. ಎಡಗೈ ಶುರುವಾಯಿತು. ಹತ್ತೂ ಬೆರಳು ಮುಗಿದವು. ಹೊರಗೆ ನಲ್ಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದೆವು. ಬರಲಿಲ್ಲ.

"ನಿನ್ನ ಬೆರಳs ಸರಿ ಇಲ್ಲ ಆಯಿ. ಗೆರಿ ಎಲ್ಲಾ ಸವದ ಹೋಗ್ಯಾವ" ಎಂದು ಅವನು ಮುಂದಿನವರನ್ನು ಕರೆದ.

ಒಳ್ಳೆಯ ಹುಡುಗನೇ. ಬೆಳಗ್ಗಿಂದ ಅದೇ ಕೆಲಸ, ಬೈದು ಏನೂ ಹೇಳಲಿಲ್ಲ. ಆದರೆ ಆ ಮಾತು ನನಗೆ ಚುಚ್ಚಿದ್ದು ಇನ್ನೂ ಹೋಗಿಲ್ಲ. ಅವ್ವ ಅವನ ಎದುರಿಗೆ, ಒಂದು ಮೊಳ ದೂರದಲ್ಲಿ ಕೂತಿದ್ದಳು. ಉಸಿರಾಡುತ್ತಿದ್ದಳು. ಅವನಿಗೆ ಉತ್ತರ ಕೊಡುತ್ತಿದ್ದಳು. ಅವಳು ಬದುಕಿದ್ದಾಳೆ ಎನ್ನಲು ಇಷ್ಟು ಸಾಲಲಿಲ್ಲ.

ಅವಳು ಇನ್ನೊಂದು ಮಾತು ಕೇಳಿದಳು. "ಸಹಿ ಮಾಡ್ತೀನಿ ತಮ್ಮಾ. ನನಗ ಸಹಿ ಬರತೈತಿ."

"ಸಹಿ ಈಗ ನಡಿಯೂದಿಲ್ಲಬೇ ಆಯಿ. ಬೆರಳs ಬೇಕು."

ಈ ಮಾತು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಅವ್ವ ಸಹಿ ಕಲಿತ ಕಥೆ ಹೇಳಬೇಕು. ಅವ್ವನ ತವರು ಇಳಕಲ್ಲು. ಮಗ್ಗದ ಮನೆ. ಚಿಕ್ಕ ಹುಡುಗಿ ಇದ್ದಾಗಿನಿಂದಲೂ ಕೊಂಡಿ ಹಾಕಲು ಕೂರಿಸಿದರು. ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ. ಒಂದೊಂದು ಎಳೆಯನ್ನೂ ಬೆರಳಿಂದ ಕುಣಿಕೆ ಮಾಡಿ ಇನ್ನೊಂದಕ್ಕೆ ಕೂಡಿಸಬೇಕು. ಸಾವಿರಾರು ಎಳೆ. ಅದಕ್ಕೆ ಇವತ್ತಿಗೂ ಬೆರಳೇ ಬೇಕು. ಮದುವೆಯಾಗಿ ಬಂದ ಮೇಲೆ ಹೊಲ. ಕುರಪಿ ಹಿಡಿದು ಕಳೆ ತೆಗೆದಳು, ಹತ್ತಿ ಬಿಡಿಸಿದಳು, ಮೆಣಸಿನಕಾಯಿ ಹರಿದಳು. ದಿನಕ್ಕೆ ಮೂವತ್ತು ನಲವತ್ತು ರೊಟ್ಟಿ ಬಡಿದಳು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಬೆರಳಲ್ಲೇ ತಿರುವಿ ಹಾಕುವಾಕೆ. ಆ ಬೆರಳಲ್ಲಿ ಗೆರೆ ಉಳಿಯದೇ ಇರುವುದರಲ್ಲಿ ಏನು ಆಶ್ಚರ್ಯ?

ಶಾಲೆಗೆ ಹೋದವಳಲ್ಲ. ಕಾಗದ ಎಲ್ಲಿ ಬಂದರೂ ಹೆಬ್ಬೆಟ್ಟು. ನಮ್ಮಲ್ಲಿ ಹೆಬ್ಬೆಟ್ಟು ಅನ್ನೋದು ಬರೀ ಗುರುತಲ್ಲ, ಬೈಗುಳ ಕೂಡ. ಜಗಳ ಬಂದಾಗ "ಹೆಬ್ಬಟ್ಟಿನಾಕಿ, ನಿನಗೇನ ತಿಳೀತೈತಿ" ಎಂದು ಎಷ್ಟು ಹೆಂಗಸರು ಅನ್ನಿಸಿಕೊಂಡಿದ್ದಾರೋ. ಅವ್ವನೂ ಅನ್ನಿಸಿಕೊಂಡಿದ್ದಳು. ತೊಂಬತ್ತರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನ ಬಂತು. ಆಗಿನ್ನೂ ನಮ್ಮದು ಬಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ರಾತ್ರಿ ಊಟವಾದ ಮೇಲೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಹೆಂಗಸರಿಗೆ ಕಲಿಸುತ್ತಿದ್ದರು. ಅವ್ವನಿಗೆ ಆಗ ಮೂವತ್ತೈದು ದಾಟಿತ್ತು. ನಾನು ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದೆ. ಅವಳ ಹೆಸರಿನ ಕೊನೆಗೆ 'ವ್ವ' ಬರುತ್ತದೆ. ಆ ಒತ್ತಕ್ಷರ ಅವಳಿಗೆ ಬಹಳ ದಿನ ಒಲಿಯಲಿಲ್ಲ. ಒಲೆಯ ಮುಂದಿನ ಬೂದಿಯಲ್ಲಿ ಬರೆದಳು. ರೊಟ್ಟಿ ಬಡಿಯುವ ಕಲ್ಲಿನ ಮೇಲಿನ ಹಿಟ್ಟಿನಲ್ಲಿ ಬರೆದಳು. ಬಂದ ಮೇಲೆ ಅದನ್ನು ಉಳಿದ ಅಕ್ಷರಕ್ಕಿಂತ ದೊಡ್ಡದಾಗಿ ಬರೆಯುವುದೇ ರೂಢಿಯಾಯಿತು. ಮೊದಲ ಸಲ ಪಂಚಾಯಿತಿ ಕಾಗದಕ್ಕೆ ಸಹಿ ಹಾಕಿ ಬಂದ ದಿನ ಸಜ್ಜಕ ಮಾಡಿದ್ದಳು.

ಹೀಗೆ ಹೆಬ್ಬೆಟ್ಟಿನಿಂದ ಬಿಡಿಸಿಕೊಂಡವಳನ್ನು ಮೂವತ್ತು ವರ್ಷದ ಮೇಲೆ ಮತ್ತೆ ಹೆಬ್ಬೆಟ್ಟಿಗೇ ತಂದು ಕೂರಿಸಿದ್ದೇವೆ. ಈಗ ಅದನ್ನು ಹೊಸ ತಂತ್ರಜ್ಞಾನ ಅನ್ನುತ್ತೇವೆ. ಅದಾದರೂ ಅವಳಿಗೆ ನಡೆಯುತ್ತಿಲ್ಲ.

ಅಂದು ಬಸ್ಸಿನಲ್ಲಿ ಬರುವಾಗ ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಬಿಡಪಾ. ಈ ಕೈ ನಾಕು ಮಕ್ಕಳಿಗೆ ರೊಟ್ಟಿ ಬಡದು ಹಾಕೇತಿ. ಆ ಪೆಟಗಿಗೆ ಅದೇನ ಗೊತ್ತು?"

ಇನ್ನು ಇಲ್ಲಿನ ಮಾತು. ಫೆಬ್ರವರಿಯಲ್ಲಿ ಒಂದು ಹಳೇ ಕಾರು ತೆಗೆದುಕೊಳ್ಳಬೇಕಾಯಿತು. ಇಲ್ಲಿ ಕಾರು ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ ಮುದ್ರೆ ಬೇಕು, ಸುಮ್ನೆ ಮುದ್ರೆ ಇದ್ದರೆ ಸಾಲದು. ಅದನ್ನು ವಾರ್ಡ್ ಕಚೇರಿಯಲ್ಲಿ ನೋಂದಾಯಿಸಿರಬೇಕು. ಹಾಗೆ ನೋಂದಾಯಿಸಿದ ಮುದ್ರೆಗೆ ಜಿತ್ಸುಯಿನ್ ಎನ್ನುತ್ತಾರೆ. ನಾನು ಅಷ್ಟು ವರ್ಷ ಒಂದು ಅಗ್ಗದ ಮುದ್ರೆಯಲ್ಲೇ ನಿಭಾಯಿಸಿದ್ದೆ. ಈಗ ಸರಿಯಾದದ್ದು ಮಾಡಿಸೋಣ ಅಂತ ಅಂಗಡಿಗೆ ಹೋದೆ. ಮುದ್ರೆ ಮಾಡುವ ಕಸುಬಿಗೆ ಇಲ್ಲಿ ಯಮನಾಶಿ ಪ್ರಾಂತ್ಯ ಹೆಸರುವಾಸಿ. ನಮ್ಮಲ್ಲಿ ಖಣಕ್ಕೆ ಗುಳೇದಗುಡ್ಡ ಇದ್ದ ಹಾಗೆ. ಮರದ್ದು ಬೇಕಾ, ಕೊಂಬಿನದು ಬೇಕಾ ಎಂದು ಅಂಗಡಿಯವರು ಕೇಳಿದರು. ಕರಿಯ ಕೊಂಬು ಯಾವುದರದ್ದು ಎಂದು ಕೇಳಿದರೆ ಎಮ್ಮೆ ಜಾತಿಯದ್ದು ಎಂದರು. ಅದನ್ನೇ ತೆಗೆದುಕೊಂಡೆ. ಮನೆಯ ಹಿತ್ತಲಲ್ಲಿ ಎಮ್ಮೆಯ ಕೊಂಬಿಗೆ ಅವ್ವ ಎಣ್ಣೆ ಸವರುತ್ತಿದ್ದದ್ದು ನೆನಪಾಯಿತು. ಕೈಯಲ್ಲಿ ಹಿಡಿದರೆ ಅದೇ ನುಣುಪು, ಅದೇ ತಂಪು.

ಕಚೇರಿಯಲ್ಲಿ ನನಗೆ ಸಿಕ್ಕಿದ್ದು ಐವತ್ತು ದಾಟಿದ ಒಬ್ಬ ಹೆಂಗಸು. ನನ್ನ ಗುರುತಿನ ಚೀಟಿ ನೋಡಿದರು, ನನ್ನ ಮುಖ ನೋಡಿದರು. ಮುದ್ರೆಯ ಗುರುತು 8 ಮಿಲಿಮೀಟರಿನ ಚೌಕಕ್ಕಿಂತ ದೊಡ್ಡದಿರಬೇಕು, 25 ಮಿಲಿಮೀಟರಿನ ಚೌಕದೊಳಗೆ ಕೂರಬೇಕು. ಒಂದು ಸಣ್ಣ ಅಳತೆ ಪಟ್ಟಿ ಇಟ್ಟು ಅದನ್ನೂ ನೋಡಿದರು. ಆಮೇಲೆ ಕಾಗದದ ಮೇಲೆ ಒತ್ತಲು ಹೇಳಿದರು. ಒತ್ತಿದೆ. ಒಂದು ಅಂಚು ಮಾಸಿಹೋಯಿತು.

ನನಗೆ ಹೊಟ್ಟೆಯೊಳಗೆ ಧಸಕ್ಕೆಂದಿತು. ಹುನಗುಂದದ ಆ ಟುಂಯ್ ಶಬ್ದ ಕಿವಿಯಲ್ಲಿ ಹಾಗೇ ಇತ್ತು.

ಆಕೆ "ಸುಮಿಮಾಸೆನ್" ಎಂದರು. ಕ್ಷಮಿಸಿ ಅಂತ. ತಪ್ಪು ನನ್ನದು, ಕ್ಷಮೆ ಕೇಳಿದ್ದು ಆಕೆ. ಕಾಗದದ ಕೆಳಗೆ ಒಂದು ಮೆತ್ತನೆಯ ರಬ್ಬರ್ ಹಾಳೆ ಹಾಸಿದರು. ಮುದ್ರೆಯ ತುದಿಯನ್ನು ಬಟ್ಟೆಯಲ್ಲಿ ಒರೆಸಿ, ಕೆಂಪು ಶಾಯಿಗೆ ಮೆಲ್ಲಗೆ ಮೂರು ನಾಲ್ಕು ಸಲ ತಟ್ಟಿ ನನ್ನ ಕೈಗೆ ಕೊಟ್ಟರು. ಎರಡನೇ ಸಲವೂ ಅವರಿಗೆ ಸಮಾಧಾನವಾಗಲಿಲ್ಲ. ಮೂರನೇ ಸಲ ನಾನು ಒತ್ತುವಾಗ ಕಾಗದ ಜರುಗದಂತೆ ಅವರೇ ಎರಡೂ ಕೈಯಿಂದ ಹಿಡಿದುಕೊಂಡರು. ಗುರುತು ಪೂರ್ತಿ ಬಂತು. ಇಬ್ಬರೂ ಅದನ್ನು ಬಗ್ಗಿ ನೋಡಿದೆವು.

ನಾನು ಹೇಳಬೇಕೆಂದಿರುವುದು ಇಷ್ಟೇ. ಗುರುತು ಮೂಡದಿದ್ದಾಗ ಇಲ್ಲಿ ಕುರ್ಚಿಯಲ್ಲಿ ಕೂತವರು ಬಗ್ಗಿದರು. ನಮ್ಮಲ್ಲಿ ಎದುರಿಗೆ ಬಂದು ಕೂತವಳ ಬೆರಳೇ ಸರಿ ಇಲ್ಲ ಅಂದರು.

ಹಾಂಕೋ ಬಹಳ ಹಳೆಯದು. 1784ರಲ್ಲಿ ಫುಕುವೋಕಾ ಹತ್ತಿರದ ಶಿಕಾನೋಶಿಮಾ ದ್ವೀಪದಲ್ಲಿ ಹೊಲದ ಕೆಲಸದಲ್ಲಿ ಒಂದು ಬಂಗಾರದ ಮುದ್ರೆ ಸಿಕ್ಕಿತು. ಅದು ಕ್ರಿಸ್ತಶಕ 57ರಲ್ಲಿ ಚೀನಾದ ಚಕ್ರವರ್ತಿ ಕೊಟ್ಟದ್ದು ಎನ್ನುತ್ತಾರೆ. ಅಷ್ಟು ಹಳೆಯದನ್ನು ಇವರು ನಿನ್ನೆ ಮೊನ್ನೆವರೆಗೆ ದಿನಬಳಕೆಯಲ್ಲಿ ಇಟ್ಟುಕೊಂಡಿದ್ದರು. ಫ್ಯಾಕ್ಸ್ ಇನ್ನೂ ಇದೆ. ನಮ್ಮ ಬೀದಿಯ ನೂಡಲ್ ಅಂಗಡಿಯಲ್ಲಿ ಇವತ್ತಿಗೂ ಯಂತ್ರಕ್ಕೆ ಚಿಲ್ಲರೆ ಹಾಕಿ ಚೀಟಿ ತೆಗೆದುಕೊಂಡೇ ಕೂರಬೇಕು. ಕ್ಯೂಆರ್ ಕೋಡ್ ಹುಟ್ಟಿದ್ದು ಇದೇ ದೇಶದಲ್ಲಿ, 1994ರಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಅದನ್ನು ಸಂತೆಯ ಬದನೆಕಾಯಿ ಬುಟ್ಟಿಯ ತನಕ ತಂದವರು ನಾವು. ಅಮೀನಗಡದ ಸಂತೆಯಲ್ಲಿ ಮೂವತ್ತು ರೂಪಾಯಿಯ ಮೆಂತ್ಯೆ ಸೊಪ್ಪಿಗೆ ಫೋನ್ ತೋರಿಸಿ ದುಡ್ಡು ಕೊಟ್ಟಾಗ ನನಗೆ ಎದೆ ಉಬ್ಬಿತ್ತು. ಟೋಕಿಯೋದ ಗೆಳೆಯರಿಗೆ ಅದರ ಫೋಟೋ ಕಳಿಸಿದ್ದೆ.

ಬೆರಳಚ್ಚಿನ ಕಥೆಯಲ್ಲೂ ನಮ್ಮ ಎರಡು ದೇಶಗಳಿಗೆ ನಂಟಿದೆ. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನಿಂದ ಕರಾರು ಪತ್ರಕ್ಕೆ ಅಂಗೈ ಒತ್ತಿಸಿಕೊಂಡ. ಮುಂದೆ ಅವನು ಇದು ನನ್ನದಲ್ಲ ಅನ್ನಬಾರದು ಅಂತ. ನಂಬಿಕೆ ಇಲ್ಲದ ಕಡೆ ಹುಟ್ಟಿದ ಪದ್ಧತಿ ಅದು ಎಂದು ನನಗೆ ಅನಿಸುತ್ತದೆ. ಆಮೇಲೆ ಇಲ್ಲಿ ಟೋಕಿಯೋದ ಸುಕಿಜಿಯಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಹೆನ್ರಿ ಫಾಲ್ಡ್ಸ್ ಎಂಬ ಸ್ಕಾಟ್ಲೆಂಡಿನ ಡಾಕ್ಟರ್, ಹಳೇ ಕಾಲದ ಮಡಕೆ ಚೂರುಗಳ ಮೇಲೆ ಕುಂಬಾರರ ಬೆರಳಿನ ಗೆರೆ ಉಳಿದಿರುವುದನ್ನು ಕಂಡ. ಅಲ್ಲಿಂದ ಅವನಿಗೆ ಆ ಗೆರೆಗಳ ಹುಚ್ಚು ಹಿಡಿಯಿತು. 1880ರಲ್ಲಿ 'ನೇಚರ್' ಪತ್ರಿಕೆಗೆ ಆ ಬಗ್ಗೆ ಬರೆದ. ಅವನ ಮನೆ ಇದ್ದ ಕಡೆ ಈಗ ಒಂದು ಕಲ್ಲು ನೆಟ್ಟಿದ್ದಾರೆ. ಮಾರ್ಚಿನ ಒಂದು ಭಾನುವಾರ ಹುಡುಕಿಕೊಂಡು ಹೋಗಿ ನೋಡಿ ಬಂದೆ. ಫಾಲ್ಡ್ಸ್ ಮತ್ತು ಅವನ ವಿದ್ಯಾರ್ಥಿಗಳು ತಮ್ಮ ಬೆರಳಿನ ಗೆರೆಗಳನ್ನು ಕ್ಷೌರದ ಕತ್ತಿಯಿಂದ ಹೆರೆದು ನೋಡಿದರಂತೆ. ಗಾಯ ಮಾಯ್ದ ಮೇಲೆ ಅದೇ ಗೆರೆ, ಅದೇ ಸುಳಿ ಮತ್ತೆ ಮೂಡಿತು. ಅದಕ್ಕೇ ಬೆರಳಚ್ಚು ಬದಲಾಗುವುದಿಲ್ಲ ಅನ್ನುವುದು.

ಆ ಕಲ್ಲಿನ ಮುಂದೆ ನಿಂತು ನನಗೆ ಅನಿಸಿದ್ದು ಇದು. ಗೆರೆ ಮತ್ತೆ ಮೂಡುತ್ತದೆ ನಿಜ, ಕೈಗೆ ಬಿಡುವು ಕೊಟ್ಟರೆ. ಅವ್ವನ ಕೈಗೆ ಬಿಡುವು ಯಾವಾಗ ಸಿಕ್ಕಿತು? ವಯಸ್ಸಾದ ಮೇಲೆ ಚರ್ಮ ಒಣಗಿ ತೆಳುವಾಗುತ್ತದೆ, ಮೊದಲಿನ ಹಾಗೆ ತುಂಬಿಕೊಳ್ಳುವುದಿಲ್ಲ. ಕೂಲಿನಾಲಿ ಮಾಡಿದ ಮುದುಕರಿಗೇ ಈ ತೊಂದರೆ ಜಾಸ್ತಿ. ಮೇಜಿನ ಮುಂದೆ ಕೂತು ಬದುಕಿದವರ ಬೆರಳು ಎಪ್ಪತ್ತರಲ್ಲೂ ಗಾಜಿಗೆ ಸಿಗುತ್ತದೆ. ಅಂದರೆ ಯಾರಿಗೆ ಆ ಪಿಂಚಣಿ ದುಡ್ಡು ಹೆಚ್ಚು ಬೇಕೋ ಅವರ ಬೆರಳೇ ಸಿಗುವುದಿಲ್ಲ. ಇದನ್ನು ಮೊದಲೇ ಯೋಚಿಸಬೇಕಿತ್ತು ಅಲ್ವಾ? ನಮ್ಮ ಕಡೆಯ ಯಾವುದೇ ಹಳ್ಳಿಯ ನಾಲ್ಕು ಮುದುಕಿಯರ ಕೈ ಹಿಡಿದು ನೋಡಿದ್ದರೆ ಸಾಕಿತ್ತು.

ಈ ದೇಶದಲ್ಲಿ ನಾನೂ ಬೆರಳು ಕೊಡುತ್ತೇನೆ. ವಿಮಾನ ನಿಲ್ದಾಣದಲ್ಲಿ. 2007ರಿಂದ ವಿದೇಶಿಯರು ಒಳಗೆ ಬರುವಾಗ ಎರಡೂ ತೋರುಬೆರಳು ಯಂತ್ರದ ಮೇಲಿಡಬೇಕು. ಅದಕ್ಕೂ ಹಿಂದೆ ಇಲ್ಲಿ ನೆಲೆಸಿದ ವಿದೇಶಿಯರೆಲ್ಲ ಬೆರಳಚ್ಚು ಕೊಡಬೇಕಿತ್ತು. ನಮ್ಮನ್ನು ಅಪರಾಧಿಗಳ ಹಾಗೆ ಕಾಣುತ್ತೀರಿ ಎಂದು 1980ರ ದಶಕದಲ್ಲಿ ಇಲ್ಲಿನ ಕೊರಿಯನ್ನರು ಬೆರಳು ಕೊಡಲು ಒಪ್ಪಲಿಲ್ಲ. ಕೊನೆಗೆ 2000ದಲ್ಲಿ ಆ ನಿಯಮ ಪೂರ್ತಿ ಹೋಯಿತು. ತಮ್ಮವರಿಂದ ಮುದ್ರೆ, ಹೊರಗಿನವರಿಂದ ಬೆರಳು. ಪ್ರತಿ ಸಲ ಟೋಕಿಯೋದ ಹಾನೆಡಾ ನಿಲ್ದಾಣದಲ್ಲಿ ಬೆರಳಿಡುವಾಗ ನಾನು ಹೊರಗಿನವನು ಎನ್ನುವುದು ಮನಸ್ಸಿಗೆ ನಾಟುತ್ತದೆ. ಅದನ್ನು ನಾನು ಒಪ್ಪಿಕೊಂಡಿದ್ದೇನೆ, ಇದು ನನ್ನ ದೇಶವಲ್ಲ. ಅವ್ವ ಎಲ್ಲಿಯ ಹೊರಗಿನವಳು? ಅವಳು ಹುಟ್ಟಿದ್ದು ಇಳಕಲ್ಲಿನಲ್ಲಿ. ಬಾಳಿದ್ದು ಅಲ್ಲಿಂದ ಎರಡು ತಾಸಿನ ದಾರಿಯೂ ಇಲ್ಲದ ಊರಿನಲ್ಲಿ.

ನಮ್ಮ ಕಡೆಯ ಒಂದು ಚಾಳಿ ನನಗೆ ಸಹಿಸಲು ಆಗುವುದಿಲ್ಲ. ಹೊಸ ಯಂತ್ರ ಬಂದ ತಕ್ಷಣ ಹಳೇ ದಾರಿಗೆ ಬೇಲಿ ಹಾಕಿಬಿಡುತ್ತೇವೆ. ಬದುಕಿದ್ದಾರೆ ಎಂದು ಅಧಿಕಾರಿಯೊಬ್ಬರು ಕಣ್ಣಾರೆ ನೋಡಿ ಕಾಗದದ ಮೇಲೆ ಬರೆದು ಕೊಡುವ ಪದ್ಧತಿ ಇನ್ನೂ ಇದೆ. ಕೇಳಿದರೆ "ಈಗ ಎಲ್ಲಾ ಆನ್‌ಲೈನ್" ಅನ್ನುತ್ತಾರೆ. ಆ ಮಾತು ಹೇಳುವಾಗ ಒಂಥರಾ ನಿರಾಳ ಇರುತ್ತದೆ. ಜವಾಬ್ದಾರಿ ಕೈ ಬಿಟ್ಟು ಯಂತ್ರಕ್ಕೆ ಹೋಯಿತಲ್ಲ. ಬಂದರೆ ಯಂತ್ರದಿಂದ ಬಂತು, ಬರದಿದ್ದರೆ ನಿನ್ನ ಬೆರಳು ಸರಿ ಇಲ್ಲ. ನಡುವೆ ಕೂತ ಮನುಷ್ಯ ಏನೂ ನಿರ್ಧರಿಸಬೇಕಾಗಿಲ್ಲ. ಜಪಾನಿನ ಹಳೇ ಪದ್ಧತಿಯಲ್ಲಿ ಒಬ್ಬರು ನೋಡಬೇಕು, ಅಳೆಯಬೇಕು, ಸರಿ ಎನ್ನಬೇಕು. ಅಷ್ಟಾದ ಮೇಲೆ ಅವರೂ ತಮ್ಮ ಮುದ್ರೆ ಒತ್ತಬೇಕು. ಒತ್ತಿದ ಮೇಲೆ ಅವರು ಹೊಣೆ.

ಹಾಗಂತ ಇವರದೇ ಸರಿ ಎಂದು ಪೂರ್ತಿ ಹೇಳಿಬಿಟ್ಟರೆ ಸುಳ್ಳಾಗುತ್ತದೆ. ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳಬೇಕು. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯಲ್ಲಿರಿ ಎಂದಾಗ ಇಲ್ಲಿನ ಎಷ್ಟೋ ನೌಕರರು ಬರೀ ಒಂದು ಮುದ್ರೆ ಒತ್ತಲು ರೈಲು ಹತ್ತಿ ಆಫೀಸಿಗೆ ಹೋದರು. ಆಸ್ಪತ್ರೆಗಳು ರೋಗಿಗಳ ವಿವರವನ್ನು ಕೈಯಲ್ಲಿ ಬರೆದು ಫ್ಯಾಕ್ಸ್ ಮಾಡುತ್ತಿದ್ದವು. ಅದೇ ವರ್ಷ ಸರ್ಕಾರ ತನ್ನ ಸುಮಾರು 15 ಸಾವಿರ ಕೆಲಸಗಳಲ್ಲಿ ಶೇಕಡ 99ಕ್ಕಿಂತ ಹೆಚ್ಚಿನವಕ್ಕೆ ಇನ್ನು ಮುದ್ರೆ ಬೇಡ ಎಂದು ತೀರ್ಮಾನಿಸಿತು. ಫ್ಲಾಪಿ ಡಿಸ್ಕ್‌ನಲ್ಲೇ ಕೊಡಬೇಕು ಎನ್ನುವಂಥ ಸಾವಿರಕ್ಕೂ ಹೆಚ್ಚು ನಿಯಮಗಳು ಹೋಗಿದ್ದು 2024ರಲ್ಲಿ. ಯಮಗುಚಿ ಪ್ರಾಂತ್ಯದಲ್ಲಿ ಅಬು ಅಂತ ಒಂದು ಸಣ್ಣ ಊರಿದೆ. 2022ರಲ್ಲಿ 463 ಕುಟುಂಬಗಳಿಗೆ ಹಂಚಬೇಕಿದ್ದ 4 ಕೋಟಿ 63 ಲಕ್ಷ ಯೆನ್ ಅಷ್ಟೂ ಒಬ್ಬನೇ ಒಬ್ಬನ ಖಾತೆಗೆ ಹೋಯಿತು. ಆಗಲೇ ದೇಶಕ್ಕೆಲ್ಲ ಗೊತ್ತಾಗಿದ್ದು, ಆ ಊರಿನ ಕಚೇರಿ ಬ್ಯಾಂಕಿಗೆ ಪಟ್ಟಿ ಕಳಿಸುವುದು ಫ್ಲಾಪಿಯಲ್ಲಿ ಎಂದು. ತಪ್ಪಾದದ್ದು ಫ್ಲಾಪಿಯಿಂದಲ್ಲ, ಅದರ ಜೊತೆ ಕೊಟ್ಟ ಇನ್ನೊಂದು ಕಾಗದದಿಂದ. ಕಣ್ಣಿಂದ ನೋಡಿ ಸರಿ ಎನ್ನಬೇಕಾದ ಮನುಷ್ಯರು ಅಲ್ಲೂ ಇದ್ದರು.

ನಮ್ಮ ಕಡೆಯ ಹಳೇ ಕಾಲವೂ ಚಿನ್ನದ ಕಾಲವಾಗಿರಲಿಲ್ಲ. ಒಂದು ಪಹಣಿಗಾಗಿ ಅಪ್ಪ ಎಷ್ಟು ಸಲ ಓಡಾಡಿದ್ದಾನೆ, ಎಷ್ಟು ಜನರ ಕೈ ಬೆಚ್ಚಗೆ ಮಾಡಿದ್ದಾನೆ ಎಂದು ನನಗೆ ಗೊತ್ತು. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದ ಮೇಲೆ ಆ ಓಡಾಟ ನಿಂತಿತು. ಆಗ ಅಪ್ಪ ಹುನಗುಂದದಿಂದ ಪಹಣಿಯ ಪ್ರಿಂಟ್ ತಂದು ಅದನ್ನು ಗೋಡೆಯ ಮೇಲಿನ ದೇವರ ಫೋಟೋದ ಹಿಂದೆ ಇಟ್ಟಿದ್ದ. ರೇಷನ್ ಅಂಗಡಿಯಲ್ಲಿ ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಬೆರಳು ಬಂದ ಮೇಲೆ ಅದು ಕಡಿಮೆಯಾಯಿತು. ಗೃಹಲಕ್ಷ್ಮಿಯ ಎರಡು ಸಾವಿರ ನೇರವಾಗಿ ಹೆಂಗಸರ ಖಾತೆಗೇ ಬೀಳುತ್ತಿದೆ. ಪಕ್ಕದ ಮನೆಯ ಕಾಕು ಆ ದುಡ್ಡಿನಲ್ಲಿ ಹೊಲಿಗೆ ಮಶೀನು ತೆಗೆದುಕೊಂಡಳು. ನಡುವೆ ಯಾರೂ ಕೈ ಹಾಕಲಿಲ್ಲ. ಇಷ್ಟನ್ನೂ ಮಾಡಿದ್ದು ಅದೇ ಯಂತ್ರ.

ಅವ್ವನ ಕೆಲಸವೂ ಕೊನೆಗೆ ಯಂತ್ರದಿಂದಲೇ ಆಯಿತು. ಜೀವನ್ ಪ್ರಮಾಣ್‌ನಲ್ಲಿ ಬೆರಳಿಗೆ ಬದಲು ಮುಖ ತೋರಿಸುವ ವ್ಯವಸ್ಥೆ 2021ರಿಂದಲೇ ಇತ್ತು. ಸೇವಾ ಕೇಂದ್ರದಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಹುಡುಕಿರಲಿಲ್ಲ. ಅಣ್ಣನ ಮಗ, ಹನ್ನೊಂದನೇ ಕ್ಲಾಸಿನ ಹುಡುಗ, ಸಂಕ್ರಾಂತಿ ಮುಗಿದ ಮೇಲೆ ತನ್ನ ಫೋನಿನಲ್ಲಿ ಅದನ್ನು ಹಾಕಿಕೊಂಡ. ಅಜ್ಜಿಯನ್ನು ಪಡಸಾಲೆಯ ಬಾಗಿಲ ಬೆಳಕಿಗೆ ಕೂರಿಸಿದ. "ಕಣ್ಣ ಪಿಳಿಕಿಸ ಬೇ ಆಯಿ" ಎಂದ. ಅವಳು ಪಿಳಿಕಿಸಿದಳು. ಹತ್ತು ನಿಮಿಷದಲ್ಲಿ ಮುಗಿಯಿತಂತೆ. ಫೋನಿನಲ್ಲಿ ನನಗೆ ಹೇಳುವಾಗ ಅವಳಿಗೆ ಖುಷಿಯೋ ಖುಷಿ. ನನಗೂ ಖುಷಿಯಾಯಿತು. ಆದರೂ ಮೂರು ಸಲ ಬಸ್ ಹತ್ತಿಸಿದ್ದು, ಹತ್ತೂ ಬೆರಳು ಒರೆಸಿಸಿದ್ದು ಮರೆಯಲು ಆಗುತ್ತಿಲ್ಲ. ಮನೆಯಲ್ಲಿ ಅಂಥ ಹುಡುಗ ಇಲ್ಲದ ಮುದುಕಿಯರು ನಮ್ಮ ಓಣಿಯಲ್ಲೇ ನಾಲ್ಕೈದು ಜನ ಇದ್ದಾರೆ. ಈಗ ಅವನೇ ಅವರಿಗೂ ಮಾಡಿಕೊಡುತ್ತಿದ್ದಾನೆ.

ಮಾರ್ಚಿನಲ್ಲಿ ಅವ್ವನಿಗೆ ಇಲ್ಲಿಂದ ಒಂದು ಪಾರ್ಸೆಲ್ ಕಳಿಸಿದೆ. ಎರಡು ಜೊತೆ ಉಣ್ಣೆಯ ಕಾಲುಚೀಲ, ಮೊಣಕಾಲಿಗೆ ಹಾಕಿಕೊಳ್ಳುವ ಒಂದು ಪಟ್ಟಿ. ಅಂಚೆ ಕಚೇರಿಯ ಫಾರಂ ತುಂಬಿ ಸಹಿ ಮಾಡಿದೆ, ಅದಕ್ಕೆ ಮುದ್ರೆ ಬೇಕಾಗಲಿಲ್ಲ. ಸುಮಾರು ಎರಡು ವಾರದ ಮೇಲೆ ಅಣ್ಣ ಒಂದು ಫೋಟೋ ಕಳಿಸಿದ. ನಮ್ಮೂರ ಪೋಸ್ಟ್‌ಮನ್ ಕಟ್ಟೆಯ ಮೇಲೆ ಕೂತಿದ್ದಾನೆ. ಅವನ ಕೈಯಲ್ಲಿ ಮೊಬೈಲು. ತಗೊಂಡವರ ಸಹಿಯನ್ನು ಈಗ ಅದರ ಗಾಜಿನ ಮೇಲೇ ಮಾಡಿಸಿಕೊಳ್ಳುತ್ತಾರಂತೆ, ಪೆನ್ನಿಲ್ಲ, ಬರೀ ಬೆರಳಿಂದ. ಅವ್ವ ಕನ್ನಡಕ ಏರಿಸಿಕೊಂಡು, ತೋರುಬೆರಳು ಮುಂದೆ ಮಾಡಿ, ನಾಲಿಗೆಯ ತುದಿ ಕಚ್ಚಿಕೊಂಡು ಬರೆಯುತ್ತಿದ್ದಾಳೆ. ಎರಡನೇ ಫೋಟೋದಲ್ಲಿ ಬರೀ ಆ ಗಾಜು. ಅಕ್ಷರ ಸೊಟ್ಟಗಿವೆ, ಆದರೆ ಎಲ್ಲವೂ ಇವೆ. ಕೊನೆಯ 'ವ್ವ'ದ ಒತ್ತು ಚೌಕದ ಗೆರೆ ದಾಟಿ ಕೆಳಗೆ ಹೋಗಿದೆ.